ವೈರ್‌ಲೆಸ್ ಸೆಟ್ಟಿನೊಳಗಿನ ಸಾಂಬ್ರಾಣಿ

ತೊಂಬತ್ತೆಂಟನೇ ಇಸವಿ ಫೆಬ್ರವರಿಯ ಒಂದು ಮಂಗಳವಾರ ನಮ್ಮ ಶೆಡ್ಡಿಗೆ ಎಂಟು ವೈರ್‌ಲೆಸ್ ಸೆಟ್ಟುಗಳು ವಾಪಸ್ ಬಂದವು. ಸೈನಿಕರು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುವ ಹಸಿರು ಪೆಟ್ಟಿಗೆಗಳು ಅವು. ಬ್ಯಾಟರಿ ಸೇರಿದರೆ ಒಂದೊಂದೂ ಹತ್ತು ಕಿಲೋ ತೂಗುತ್ತದೆ. ಒಳಗಿನ ಯಂತ್ರ ಬೇರೆ ಕಡೆಯಿಂದ ಬರುತ್ತಿತ್ತು. ಅದನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಒಂದು ಹನಿ ನೀರೂ ಹೋಗದ ಹಾಗೆ ಮುಚ್ಚಿ, ಪರೀಕ್ಷೆ ಮಾಡಿ ಕೊಡುವುದಷ್ಟೇ ನಮ್ಮ ಕೆಲಸ. ವಾಪಸ್ ಬಂದ ಪ್ರತಿ ಸೆಟ್ಟಿಗೂ ಒಂದು ಕೆಂಪು ಚೀಟಿ ಕಟ್ಟಿತ್ತು. ಎಂಟರಲ್ಲೂ ಒಂದೇ ದೂರು: ಬೆಳಗಿನ ಜಾವ ಮಾತು ನಿಲ್ಲುತ್ತದೆ, ಬಿಸಿಲೇರಿದ ಮೇಲೆ ತಾನಾಗಿಯೇ ಬರುತ್ತದೆ.

ಓದಿದ ತಕ್ಷಣ ನನಗೆ ಖುಷಿಯಾಯಿತು. ಆಗಬಾರದಿತ್ತು, ಗೊತ್ತು. ಆದರೆ ಸುಮ್ಮನೆ ಕೆಟ್ಟುಹೋದ ಸೆಟ್ಟಿನಲ್ಲಿ ಕುತೂಹಲಪಡುವಂಥದ್ದು ಏನಿರುತ್ತದೆ? ಹೊತ್ತು ನೋಡಿಕೊಂಡು ಕೆಡುವ ಸೆಟ್ಟನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಲಸೂರಿನ ನಮ್ಮ ಮನೆಯಲ್ಲಿ ನಾನು ಆರನೇ ಕ್ಲಾಸಿನಲ್ಲೇ ಅಪ್ಪನ ಟ್ರಾನ್ಸಿಸ್ಟರ್ ಬಿಚ್ಚಿ ಹರಡಿ ಬೈಸಿಕೊಂಡವಳು. ಡಿಪ್ಲೊಮಾ ಮುಗಿಸಿ ಇಲ್ಲಿ ಇನ್‌ಸ್ಪೆಕ್ಟರ್ ಆದ ಮೇಲೆ ಆ ಚಟಕ್ಕೆ ಸಂಬಳವೂ ಸಿಗತೊಡಗಿತ್ತು. 'ಸುಕನ್ಯ, ಪಾಸ್' ಎಂದು ನಾನು ಸ್ಟಾಂಪ್ ಒತ್ತದೆ ಒಂದು ಸೆಟ್ಟೂ ಗೇಟು ದಾಟುತ್ತಿರಲಿಲ್ಲ. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಶೆಡ್ಡು ಇದ್ದದ್ದು ಬೈಯಪ್ಪನಹಳ್ಳಿ ಸ್ಟೇಷನ್ ದಾಟಿ ಕೆ.ಆರ್. ಪುರದ ಕಡೆ ಹೋಗುವಾಗ, ರೈಲ್ವೆ ಹಳಿಯ ಪಕ್ಕ. ಹಿಂದೆ ಅದು ಯಜಮಾನ ಮುನಿಶಾಮಿಯವರ ಮನೆತನದ ರಾಗಿ ಕಣ. ಅವರು ಐಟಿಐ ಓದಿ, ಹತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದು, ಕಣದ ಮೇಲೆ ಶೀಟಿನ ಶೆಡ್ಡು ಹಾಕಿಸಿ ಸ್ವಂತ ಘಟಕ ಶುರು ಮಾಡಿದ್ದರು. ಜೋರಾಗಿ ಮಾತಾಡುವ, ಬೇಗ ಹೆದರುವ ಮನುಷ್ಯ. ಕೆಂಪು ಚೀಟಿ ನೋಡಿ ಅವರ ಮುಖ ಬಾಡಿಹೋಯಿತು.

ಸೆಟ್ಟುಗಳ ಜೊತೆಯಲ್ಲೇ ಸೇನೆಯ ತಪಾಸಣೆ ಅಧಿಕಾರಿ ಕ್ಯಾಪ್ಟನ್ ಮುತ್ತಣ್ಣ ಬಂದಿದ್ದರು. ಕೊಡಗಿನವರು, ಕಡಿಮೆ ಮಾತು. ಒಂದೊಂದು ಸೆಟ್ಟಿನ ಬೆನ್ನ ಮೇಲಿನ ತಗಡಿನ ಚೀಟಿಯನ್ನೂ ಓದಿ, "ಎಂಟೂ ಸೆಟ್ ಮುಚ್ಚಿದ್ದು ಒಬ್ಬರೇ. ಯಾರಿದು, 'ಗಂ' ಅಂತ?" ಎಂದರು.

"ಗಂಗಾ ಅಂತ ಸರ್. ಮುಚ್ಚೋಳು ಅವಳೊಬ್ಳೇ," ಎಂದರು ಮುನಿಶಾಮಿ.

"ಮುಂದಿನ ಮಂಗಳವಾರ ಬರ್ತೀನಿ. ಕಾರಣ ಬರ್ದು ಕೊಡಿ. ತಪ್ಪು ಯಾರದು ಅಂತ ಹೆಸರು ಸಮೇತ ಬೇಕು."

ಜೀಪು ಹೋದ ಮೇಲೆ ಮುನಿಶಾಮಿ ನನ್ನನ್ನು ಪಕ್ಕಕ್ಕೆ ಕರೆದರು. "ನೋಡಮ್ಮಾ, ಕಾರಣ ಸಿಕ್ರೆ ಸರಿ. ಸಿಗ್ಲಿಲ್ಲ ಅಂದ್ರೆ ಗಂಗಾನ ಕಳಿಸ್ಬಿಡೋದೇ. ಹೆಸರು ಕೇಳಿದಾರಲ್ಲ, ಏನಾದ್ರೂ ಕೊಡ್ಬೇಕು."

ಗಂಗಾ ಸೇಡಂ ಕಡೆಯವಳು. ಗಂಡ ಗಾರೆ ಕೆಲಸಕ್ಕೆ ಬಂದವನು, ಸ್ಟೇಷನ್ನಿನ ಹಿಂದೆ ಒಂದೇ ಕೋಣೆಯ ಬಾಡಿಗೆ ಮನೆ. ಮೊದಲು ಅವನ ಜೊತೆಯಲ್ಲೇ ಸಿಮೆಂಟು ಹೊರುತ್ತಿದ್ದಳಂತೆ. ನಮ್ಮಲ್ಲಿಗೆ ಕಸ ಗುಡಿಸಲು ಸೇರಿ, ಆರು ತಿಂಗಳಲ್ಲಿ ಮುಚ್ಚಳದ ಸಂದಿಗೆ ನೀರು ತಡೆಯುವ ರಬ್ಬರ್ ಸುತ್ತನ್ನು ಗ್ರೀಸು ಹಚ್ಚಿ ಕೂರಿಸುವುದು ಕಲಿತುಬಿಟ್ಟಳು. ಅವಳ ಬೆರಳಿಗೆ ಕೂದಲೆಳೆಯಷ್ಟು ಸುಕ್ಕೂ ತಿಳಿಯುತ್ತಿತ್ತು. ಅವಳ ಕೈಯಿಂದ ತಪ್ಪಾಗಿದೆ ಎಂದು ನನಗೆ ನಂಬಿಕೆ ಬರಲಿಲ್ಲ. ಹಾಗೆಂದು ಬರೆದುಕೊಟ್ಟರೆ ಯಾರು ಕೇಳುತ್ತಾರೆ? ಆ ಕೆಲಸ ಹೋದರೆ ಅವಳು ಮತ್ತೆ ಸಿಮೆಂಟು ಹೊರಬೇಕು.

ಅವತ್ತು ಮಧ್ಯಾಹ್ನವೇ ಎಂಟೂ ಸೆಟ್ಟುಗಳನ್ನು ಒಂದೊಂದಾಗಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ. ಎಲ್ಲಾದರೂ ಸೂಜಿಮೊನೆಯಷ್ಟು ಸಂದಿಯಿದ್ದರೆ ಗುಳ್ಳೆ ಬರಲೇಬೇಕು. ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಸಂಜೆಯವರೆಗೆ, ಮರುದಿನವೂ ಅರ್ಧ ದಿನ, ಕಣ್ಣು ಕೀಲಿಸಿ ಕೂತೆ. ಒಂದು ಗುಳ್ಳೆಯೂ ಬರಲಿಲ್ಲ. ಸ್ಕ್ರೂಗಳ ತಲೆಗೆ ಬಳಿದ ಕೆಂಪು ಮೆರುಗೆಣ್ಣೆಯೂ ಎಲ್ಲೂ ಬಿರಿದಿರಲಿಲ್ಲ. ಅಂದರೆ ನಮ್ಮ ಗೇಟು ದಾಟಿದ ಮೇಲೆ ಯಾರೂ ಅವನ್ನು ಬಿಚ್ಚಿಲ್ಲ.

ಆಮೇಲೆ ಮಾತಿನ ಪರೀಕ್ಷೆ. ಒಂದು ಸೆಟ್ಟು ನನ್ನ ಮೇಜಿನ ಮೇಲೆ, ಇನ್ನೊಂದನ್ನು ಹೊತ್ತು ಗಂಗಾ ಗೇಟಿನಾಚೆ ಹಳಿಯ ಪಕ್ಕ ನಿಲ್ಲುತ್ತಿದ್ದಳು. ಇಂಗ್ಲಿಷಿನಲ್ಲಿ ಒಂದರಿಂದ ಐದರವರೆಗೆ ಎಣಿಸುವುದು ಪದ್ಧತಿ. ಅವಳು ಕನ್ನಡದಲ್ಲೇ, ನಿಲ್ಲು ಎನ್ನುವವರೆಗೆ ಎಣಿಸುತ್ತಲೇ ಇರುತ್ತಿದ್ದಳು. ನೂರಾ ನಲವತ್ತರವರೆಗೂ ಪ್ರತಿ ಅಂಕೆಯೂ ಸ್ಪಷ್ಟವಾಗಿ ಕೇಳಿಸಿತು. ಬೆಂಗಳೂರಿನಲ್ಲಿ ಎಂಟೂ ಸೆಟ್ಟುಗಳು ಚೆನ್ನಾಗಿಯೇ ಮಾತಾಡುತ್ತಿದ್ದವು.

ಹಾಗಾದರೆ ಬೆಟ್ಟದಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು ಏನು? ಚಳಿ. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಶೀತದ ಕೋಣೆ ಇರುತ್ತದೆ. ನಮ್ಮಲ್ಲಿ ಇದ್ದದ್ದು ಒಂದು ಮಣ್ಣಿನ ಹೂಜಿ. ಗುರುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವ ಬದಲು ಶಿವಾಜಿನಗರದ ಬಸ್ಸು ಹತ್ತಿ ರಸೆಲ್ ಮಾರುಕಟ್ಟೆಗೆ ಹೋದೆ. ಅಲ್ಲಿ ಮೀನಿನಂಗಡಿಗಳಿಗೆ ಐಸ್ ಹಾಕುವ ಅಕ್ತರ್ ಎಂಬಾತ ಗೋಣಿ ಹೊದಿಸಿದ ಗಡ್ಡೆಗಳ ನಡುವೆ ಸ್ವೆಟರ್ ಹಾಕಿಕೊಂಡು ನಿಂತಿದ್ದ.

"ಎರಡು ಗಡ್ಡೆನಾ? ಮೀನು ಎಲ್ಲಿ ಮೇಡಂ?"

"ಮೀನಿಲ್ಲ. ವೈರ್‌ಲೆಸ್ ಸೆಟ್ಟಿಗೆ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆದರೆ ನಗಲಿಲ್ಲ. ಎಷ್ಟು ತಣ್ಣಗಾಗಬೇಕು, ಎಷ್ಟು ಹೊತ್ತು ಇಡಬೇಕು ಎಂದೆಲ್ಲ ವಿಚಾರಿಸಿದ. "ಬರೀ ಐಸ್ ಸಾಕಾಗಲ್ಲ. ಕುಟ್ಟಿ ಪುಡಿ ಮಾಡಿ ಕಲ್ಲುಪ್ಪು ಸೇರ್ಸಿ, ಕುಲ್ಫಿ ಮಾಡಲ್ವಾ, ಹಂಗೆ. ಆಮೇಲೆ ಏನಾಯ್ತು ಅಂತ ಬಂದು ಹೇಳ್ಬೇಕು, ಆಂ?" ಎಂದ. ನನ್ನ ಜಾತಿಯವನೇ ಒಬ್ಬ ಸಿಕ್ಕ ಎಂದು ಸಂತೋಷವಾಯಿತು. ಆಟೋದವನು ಮಾತ್ರ ಬೈಯಪ್ಪನಹಳ್ಳಿಯವರೆಗೂ ಸೀಟು ನೆನೆಯಿತು ಎಂದು ಗೊಣಗುತ್ತಲೇ ಬಂದ.

ಡ್ರಮ್ಮಿನಲ್ಲಿ ಉಪ್ಪು ಬೆರೆಸಿದ ಐಸ್ ತುಂಬಿ, ಒಂದು ಸೆಟ್ಟಿಗೆ ಪ್ಲಾಸ್ಟಿಕ್ ಸುತ್ತಿ ಕುತ್ತಿಗೆಯವರೆಗೆ ಹೂತೆವು. ಎರಡು ಗಂಟೆ ಕಾದು ಇಯರ್‌ಫೋನ್ ಹಾಕಿಕೊಂಡೆ. ಗಂಗಾ ಗೇಟಿನಾಚೆ ಎಣಿಸತೊಡಗಿದಳು. ಮೂವತ್ತರ ಹೊತ್ತಿಗೆ ಸ್ವರ ಕಂಪಿಸಿತು. ನಲವತ್ತೊಂದಕ್ಕೆ ಪೂರ್ತಿ ನಿಂತುಹೋಯಿತು. ಕಿಟಕಿಯಿಂದ ನೋಡಿದರೆ ಅವಳು ಇನ್ನೂ ಬಾಯಾಡಿಸುತ್ತಲೇ ಇದ್ದಳು. ನಾನು ಕುರ್ಚಿಯಿಂದೆದ್ದು ಚಪ್ಪಾಳೆ ಹೊಡೆದೆ.

ಚಳಿ ಬಿಡುವ ಮೊದಲೇ ಸೆಟ್ಟನ್ನು ಹೊರಗೆಳೆದು ಎಂಟು ಸ್ಕ್ರೂ ಬಿಚ್ಚಿದೆ. ಮುಚ್ಚಳದ ಒಳಮೈಗೆ ಮಂಜಿನ ತೆಳು ಪದರ ಕಟ್ಟಿತ್ತು. ಒಳಗಿನ ತಂತಿಗಳ ಮೇಲೂ ಬಿಳಿ ಪುಡಿ. ಹೊರಗಿನ ನೀರು ಒಳಗೆ ಹೋಗಿಲ್ಲ, ಒಳಗಿದ್ದ ಗಾಳಿಯಲ್ಲೇ ತೇವವಿತ್ತು. ಚಳಿಗೆ ಅದು ಹೆಪ್ಪುಗಟ್ಟಿ ಮಾತು ನಿಲ್ಲಿಸುತ್ತದೆ, ಬಿಸಿಲಿಗೆ ಕರಗಿ ಬಿಟ್ಟುಕೊಡುತ್ತದೆ. ಇಷ್ಟು ತಿಳಿಯುವಷ್ಟರಲ್ಲಿ ಇನ್ನೊಂದು ವಿಷಯ ನನ್ನ ಮೂಗಿಗೆ ಬಡಿಯಿತು.

ಪೆಟ್ಟಿಗೆಯೊಳಗಿಂದ ಸಾಂಬ್ರಾಣಿಯ ವಾಸನೆ ಬರುತ್ತಿತ್ತು.

ಇನ್ನೊಂದು ಸೆಟ್ಟು ಬಿಚ್ಚಿದೆ. ಅದರಲ್ಲೂ ಸಾಂಬ್ರಾಣಿ. ಮೂರನೆಯದರಲ್ಲಿ ಸ್ವಲ್ಪ ಕಡಿಮೆ, ಆದರೆ ಅದೇ. ಮುನಿಶಾಮಿಯವರನ್ನು ಕರೆದು ಮೂಸಿಸಿದೆ. "ಬೆಟ್ಟದ ಮೇಲೆ ಸೋಲ್ಜರ್‌ಗಳು ಪೂಜೆ ಮಾಡಿರ್ತಾರೆ ಬಿಡು," ಎಂದರು. ಮುಚ್ಚಿದ ಪೆಟ್ಟಿಗೆಗೆ ಬೆಟ್ಟದ ಹೊಗೆ ಹೋಗುವುದಾದರೂ ಹೇಗೆ? ಇದು ಮುಚ್ಚಿದ ದಿನದ ಗಾಳಿ. ನಮ್ಮ ಕೋಣೆಯದೇ ಗಾಳಿ. ಸೈನಿಕನ ಬೆನ್ನ ಮೇಲೆ ಬೆಟ್ಟವೆಲ್ಲ ತಿರುಗಿ, ಅಷ್ಟೂ ತಿಂಗಳು ಹಾಗೇ ಉಳಿದು ಬಂದಿದೆ.

ಸಾಂಬ್ರಾಣಿ ಎಂದರೆ ನಮ್ಮಲ್ಲಿ ದೊಡ್ಡಮುನಿಯಮ್ಮ. ಮುನಿಶಾಮಿಯವರ ತಾಯಿ, ಶೆಡ್ಡಿನ ಹಿಂದಿನ ಮನೆಯಲ್ಲೇ ಇದ್ದರು. ಸೆಟ್ಟು ಮುಚ್ಚಲೆಂದೇ ಕಿಟಕಿಯಿಲ್ಲದ ಹೊಸ ಕೋಣೆ ಕಟ್ಟಿಸಿದ್ದು ಹಿಂದಿನ ಶ್ರಾವಣದಲ್ಲಿ. ಮೊದಲ ಶುಕ್ರವಾರವೇ ಆಕೆ ಬಿಂದಿಗೆ ಹೊತ್ತು ಬಂದು ನೆಲಕ್ಕೆ ಅರಿಶಿನದ ನೀರು ಹಾಕಿ ತೊಳೆದು, ಪುಟ್ಟ ರಂಗೋಲಿ ಬಿಟ್ಟು, ಸಾಂಬ್ರಾಣಿ ಹಾಕಿದ್ದರು. "ಕಣ ಇದು. ಶುಕ್ರವಾರ ಒಣಗಿರ್ಬಾರ್ದು," ಎಂದಿದ್ದರು. ಶ್ರಾವಣ ಮುಗಿದರೂ ಪೂಜೆ ನಿಲ್ಲಲಿಲ್ಲ. ಪ್ರತಿ ಶುಕ್ರವಾರ ನಮಗೆಲ್ಲ ಬಾಳೆಲೆಯಲ್ಲಿ ಸಿಹಿ ಪೊಂಗಲ್ ಸಿಗುತ್ತಿತ್ತು. ಮೊದಲು ಕೈಚಾಚುತ್ತಿದ್ದವಳು ನಾನೇ.

ಹೊಸ ವರ್ಷದ ಕ್ಯಾಲೆಂಡರಿನ ಹಿಂದೆ ಹಳೆಯದು ಇನ್ನೂ ತೂಗುತ್ತಿತ್ತು. ಸೆಟ್ಟುಗಳ ಬೆನ್ನಿನ ತಗಡಿನ ಚೀಟಿಯಲ್ಲಿದ್ದ, ಮುಚ್ಚಿದ ತಾರೀಖುಗಳನ್ನು ಅದರಲ್ಲಿ ಹುಡುಕಿದೆ. ಆಗಸ್ಟ್ ಇಪ್ಪತ್ತೆರಡು, ಇಪ್ಪತ್ತೊಂಬತ್ತು, ಸೆಪ್ಟೆಂಬರ್ ಹನ್ನೆರಡು. ಎಂಟಕ್ಕೆ ಎಂಟೂ ಶುಕ್ರವಾರ. ಬೇರೆ ದಿನ ಮುಚ್ಚಿದ ಒಂದು ಸೆಟ್ಟೂ ವಾಪಸ್ ಬಂದಿರಲಿಲ್ಲ. ಗಂಗಾಳ ಬೆರಳುಗಳ ತಪ್ಪೇನೂ ಇರಲಿಲ್ಲ. ಅವಳನ್ನು ಉಳಿಸಿಬಿಟ್ಟೆ ಎಂದು ಹಿಗ್ಗಿಹೋದೆ. ಆ ರಾತ್ರಿ ಅಮ್ಮನಿಗೂ ಹೇಳಿ ಬೀಗಿದೆ.

ಮರುದಿನವೇ ಶುಕ್ರವಾರ. ಕಣ್ಣಾರೆ ನೋಡಿಬಿಡೋಣ ಎಂದು ಏಳೂವರೆಗೇ ಹೋದೆ. ದೊಡ್ಡಮುನಿಯಮ್ಮ ಆಗಲೇ ನೆಲ ತೊಳೆದಿದ್ದರು. ಮುಚ್ಚುವ ಮೇಜಿನ ಮೇಲೆ, ಒಲೆಯಲ್ಲಿ ಒಣಗಿಸಿ ತೆಗೆದ ಸಣ್ಣ ಬಟ್ಟೆಚೀಲಗಳು ತಟ್ಟೆಯಲ್ಲಿ ತೆರೆದೇ ಬಿದ್ದಿದ್ದವು. ಪೆಟ್ಟಿಗೆಯ ತೇವ ಹೀರಲೆಂದು ಒಳಗಿಡುವ ಹರಳಿನ ಚೀಲಗಳು ಅವು. ಪೆಟ್ಟಿಗೆಗೆ ಹೋಗುವ ಮೊದಲೇ ಕೋಣೆಯ ನೀರನ್ನೆಲ್ಲ ಹೀರಿ ಕೂತಿರುತ್ತವೆ. ಎಲ್ಲ ಸರಿಯಾಗಿ ಹೊಂದಿಕೊಳ್ಳುತ್ತಿತ್ತು. ಆಮೇಲೆ ಆಕೆ ಚೆಂಡುಹೂವಿನ ಹಾರ ತೆಗೆದು ಗೋಡೆಯ ಮೇಲಿನ ಗುಂಡು ಮಾಪಕಕ್ಕೆ ಹಾಕಿ, ಗಾಜಿಗೆ ಕುಂಕುಮ ಇಟ್ಟರು.

ಆ ಮಾಪಕ ಗಾಳಿಯ ತೇವ ತೋರಿಸುವಂಥದ್ದು. ಮುಳ್ಳು ಐವತ್ತರ ಕೆಳಗಿದ್ದರೆ ಮಾತ್ರ ಸೆಟ್ಟು ಮುಚ್ಚಬೇಕು. ದಿನಾ ಒಂಬತ್ತಕ್ಕೆ ಇನ್‌ಸ್ಪೆಕ್ಟರ್ ಅದನ್ನು ನೋಡಿ ಪುಸ್ತಕದಲ್ಲಿ ಬರೆದು ಹೂಂ ಎಂದ ಮೇಲೆಯೇ ಗಂಗಾ ಮೊದಲ ಸ್ಕ್ರೂ ಮುಟ್ಟುತ್ತಿದ್ದಳು.

"ಅಜ್ಜಿ, ಇದಕ್ಕ್ಯಾಕೆ ಹೂವು?" ಎಂದು ಮೊದಲ ಸಲ ಕೇಳಿದೆ.

"ಈ ರೂಮಲ್ಲಿ ನೀವೆಲ್ಲ ಬಂದ ತಕ್ಷಣ ತಲೆ ಎತ್ತಿ ನೋಡೋದು ಇದನ್ನೇ ಅಲ್ವಾ? ಇದು ಒಪ್ಪಿದ್ರೇನೆ ಕೆಲಸ ಶುರು. ಅಂದ್ಮೇಲೆ ಈ ರೂಮಿಗೆ ಇದೇ ದೇವ್ರು."

ನಾನು ಹಾರ ಎತ್ತಲು ಕೈ ಚಾಚಿದೆ. ಆಕೆ ಪಟ್ಟನೆ ಕೈ ಮೇಲೆ ಹೊಡೆದರು. "ಸಂಜೆ ತನಕ ತೆಗಿಬಾರ್ದು. ಗೊತ್ತಲ್ವಾ ನಿಂಗೆ?"

ಗೊತ್ತಿತ್ತು. ಅದೇ ವಿಷಯ. ಆಕೆ ಹೊರಗೆ ಹೋದ ಮೇಲೆ ಹಾರ ಸರಿಸಿದೆ. ಮುಳ್ಳು ಎಪ್ಪತ್ತೆಂಟರಲ್ಲಿತ್ತು.

ಒಂಬತ್ತಕ್ಕೆ ಗಂಗಾ ಕೈ ತೊಳೆದು ಬಂದು ಎಂದಿನಂತೆ ಕೇಳಿದಳು, "ಮುಚ್ಚಲೇನ್ರಿ ಮೇಡಂ?"

ಇವತ್ತು ಬೇಡ ಎಂದು ಕೈಸನ್ನೆ ಮಾಡಿ ಪುಸ್ತಕ ತೆಗೆದೆ. ಹಿಂದಿನ ಶ್ರಾವಣದಿಂದ ಒಂದೊಂದು ಶುಕ್ರವಾರವೂ ನನ್ನದೇ ದುಂಡು ಅಕ್ಷರದಲ್ಲಿ ದಾಖಲಾಗಿತ್ತು. ಗುರುವಾರ ನಲವತ್ನಾಲ್ಕು, ಶುಕ್ರವಾರ ನಲವತ್ನಾಲ್ಕು. ಗುರುವಾರ ನಲವತ್ತೆರಡು, ಶುಕ್ರವಾರ ನಲವತ್ತೆರಡು. ಹಾರ ತೆಗೆದರೆ ಅಜ್ಜಿಗೆ ಬೇಸರ, ಒಂದು ದಿನದಲ್ಲಿ ಮುಳ್ಳು ಎಷ್ಟು ಹೋದೀತು ಎಂದು ಹಿಂದಿನ ದಿನದ್ದನ್ನೇ ಬರೆದು, ಪೊಂಗಲ್ ತಿಂದು, ಮುಚ್ಚು ಎಂದವಳು ನಾನು. ಊರಿನ ವಿಷಯಕ್ಕೆಲ್ಲ ತಲೆ ಹಾಕುವ ನನಗೆ ಒಂದು ಹೂವಿನ ಹಾರದ ಹಿಂದೆ ಇಣುಕಬೇಕು ಎನಿಸಿರಲಿಲ್ಲ.

ಶನಿವಾರ, ಭಾನುವಾರ ಅದೇ ಯೋಚನೆ. ಕಂಡದ್ದನ್ನು ಯಜಮಾನರಿಗೆ ಇನ್ನೂ ಹೇಳಿರಲಿಲ್ಲ. ಅಜ್ಜಿಯ ಪೂಜೆಯಿಂದ ಹೀಗಾಯಿತು ಎಂದಷ್ಟೇ ಬರೆಯಬಹುದು. ಆದರೆ ಕ್ಯಾಪ್ಟನ್ ಪುಸ್ತಕ ಕೇಳದೆ ಬಿಡುವುದಿಲ್ಲ, ಕೇಳಿದರೆ ಒಂದೇ ನಿಮಿಷದಲ್ಲಿ ನನ್ನ ಬಣ್ಣ ಬಯಲಾಗುತ್ತದೆ. ಇದಕ್ಕಿಂತ ಸುಲಭದ ದಾರಿಯೂ ಕಾಣಿಸಿತು. ಕಾರಣ ಸಿಗಲಿಲ್ಲ ಎಂದುಬಿಡುವುದು. ಏನಾದರೂ ನೆಪ ಹೇಳಿ ಪೂಜೆಯನ್ನು ಹೊರಗಿನ ವರಾಂಡಕ್ಕೆ ಸಾಗಿಸುವುದು. ಮುಂದೆ ಯಾವ ಸೆಟ್ಟೂ ಕೆಡುವುದಿಲ್ಲ. ಹೋದರೆ ಗಂಗಾ ಒಬ್ಬಳು ಹೋಗುತ್ತಾಳೆ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, ಆದರೆ ಆ ದಾರಿಯನ್ನು ನಾನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದ್ದು ನಿಜ.

ಸೋಮವಾರ ಊಟದ ಹೊತ್ತಿಗೆ ಗಂಗಾ ರೊಟ್ಟಿ ಬಿಚ್ಚಿಕೊಂಡು ನನ್ನ ಪಕ್ಕ ಕೂತಳು. ಯಜಮಾನರು ಅವಳಿಗೆ ಬೆಳಿಗ್ಗೆಯೇ ಕೆಲಸ ಬಿಡಬೇಕಾದೀತು ಎಂದು ಸೂಚನೆ ಕೊಟ್ಟಾಗಿತ್ತು.

"ನಂದ ತಪ್ಪಿದ್ರ ಹೋಗ್ತೀನ್ರಿ ಮೇಡಂ, ಅದಕ್ಕೇನ್ ಅಳೂದಿಲ್ಲ. ಖರೇ ನಾ ಮುಚ್ಚಿದ ಪೆಟ್ಟಿಗಿ ಹೊತ್ಕೊಂಡು ಒಬ್ಬಾವ ಗುಡ್ಡಾ ಹತ್ತಿದ್ದ ನೋಡ್ರಿ. ನಸುಕಿನ್ಯಾಗ ಅದು ಮಾತು ಬಿಟ್ಟಾಗ ಅಂವ ಏನ್ ಮಾಡಿರಬೇಕು? ಅವನ್ಗೇನಾತೋ ಏನೋ, ಯಾರ್ನ ಕೇಳ್ಬೇಕ್ರಿ ಇದನ್ನ?"

ಗುಳ್ಳೆ, ಐಸ್, ವಾಸನೆ, ತಾರೀಖು, ಎಲ್ಲದರ ಬಗ್ಗೆಯೂ ಕೇಳಿದ್ದೆ. ಈ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅರ್ಧ ಉಂಡ ಡಬ್ಬಿಯನ್ನು ಮುಚ್ಚಿಟ್ಟೆ.

ಮಂಗಳವಾರ ಕ್ಯಾಪ್ಟನ್ ಹೇಳಿದ ಹೊತ್ತಿಗೆ ಬಂದರು. ಮುನಿಶಾಮಿ ಗಂಗಾಳ ಹೆಸರು ಬರೆದ ಕಾಗದ ಮುಂದೆ ಇಟ್ಟರು. ನಾನು ಅದರ ಮೇಲೆ ಪುಸ್ತಕ ಇಟ್ಟೆ. ಶುಕ್ರವಾರಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೆ. ಐಸಿನಿಂದ ಹಿಡಿದು ಹಾರದವರೆಗೆ ನಡೆದದ್ದನ್ನೆಲ್ಲ ಹೇಳಿದೆ.

"ನೆಲ ಒದ್ದೆಯಾಗಿದ್ದು ಅಜ್ಜಿಯಿಂದ ಸರ್. ಅವರಿಗೆ ಇದೆಲ್ಲ ಗೊತ್ತಿಲ್ಲ. ಮಾಪಕ ನೋಡ್ಬೇಕಾಗಿದ್ದೋಳು ನಾನು. ನೋಡ್ದೆ ಬರ್ದೆ. ಮುಚ್ಚು ಅಂದಿದ್ದೂ ನಾನೇ. ಗಂಗಾ ಒಂದು ದಿನಾನೂ ನನ್ನ ಕೇಳ್ದೆ ಮುಚ್ಚಿಲ್ಲ."

ಮುನಿಶಾಮಿ ತಲೆಯ ಮೇಲೆ ಕೈ ಹೊತ್ತರು. ಕ್ಯಾಪ್ಟನ್ ಪುಟ ತಿರುಗಿಸುತ್ತ ಶುಕ್ರವಾರಗಳನ್ನು ಒಂದೊಂದಾಗಿ ನೋಡಿದರು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಗಂಗಾಳ ಹೆಸರಿದ್ದ ಕಾಗದವನ್ನು ಎರಡಾಗಿ ಹರಿದು ಮುನಿಶಾಮಿಯವರ ಕೈಗೇ ಕೊಟ್ಟರು.

"ಇವರ ಸ್ಟಾಂಪ್ ವಾಪಸ್ ತಗೊಳ್ಳಿ. ಇನ್ನೊಬ್ರು ಇನ್‌ಸ್ಪೆಕ್ಟರ್ ಬರೋ ತನಕ ಯಾವ ಸೆಟ್ಟೂ ಹೊರಗೆ ಹೋಗ್ಬಾರ್ದು," ಎಂದರು. ನನ್ನ ಕಡೆ ತಿರುಗಿ, "ನೀವು ಹೇಳಿದ್ದನ್ನೆಲ್ಲ ಬರ್ದು ಸೈನ್ ಮಾಡಿ," ಎಂದರು.

ಬರೆದೆ. ಸೈನ್ ಮಾಡಿದೆ. ಮುನಿಶಾಮಿ ನನ್ನ ಮೇಜಿನ ಮೇಲಿದ್ದ ಸ್ಟಾಂಪನ್ನು ತೆಗೆದು ಡ್ರಾಯರಿನಲ್ಲಿ ಹಾಕಿ ಬೀಗ ತಿರುಗಿಸಿದರು. ನೋವಾಯಿತು. ಕ್ಯಾಪ್ಟನ್ ಫೈಲು ಕಟ್ಟಿ ಏಳುವಾಗ ನಾನು ತಡೆದೆ.

"ಸರ್, ಆ ಸೆಟ್ಟು ಹೊತ್ಕೊಂಡಿದ್ದೋರು ಏನಾದ್ರು?"

ಅವರು ಮತ್ತೆ ಕೂತರು. ಫೈಲು ಬಿಚ್ಚಿ ಎಲ್ಲಕ್ಕಿಂತ ಕೆಳಗಿನ ಹಾಳೆ ತೆಗೆದರು. "ಮೊದಲ್ನೇ ಸೆಟ್ ನಿಂತಾಗ ಆಪರೇಟರ್ ಅದನ್ನ ಹಳ್ಳಕ್ಕೆ ಬೀಳಿಸಿದಾನೆ, ಒಣಗ್ಸೋಕೆ ಬಿಚ್ಚಿದಾನೆ ಅಂದ್ಕೊಂಡ್ರು. ಏಳು ದಿನ ಶಿಕ್ಷೆ. ಬೆನ್ನಿಗೆ ಮರಳು ತುಂಬಿದ ಚೀಲ ಕಟ್ಟಿ ಬೆಳಿಗ್ಗೆ ಸಂಜೆ ಓಡ್ಸಿದಾರೆ. ಆಮೇಲೆ ಬೇರೆಯವರ ಏಳು ಸೆಟ್ಟುಗಳೂ ಹಾಗೇ ನಿಂತವು. ಆಗ ಅನುಮಾನ ಬಂದು ಇಲ್ಲಿಗೆ ಕಳಿಸಿದ್ರು."

"ಅವರು ಏನೂ ಹೇಳ್ಲಿಲ್ವಾ?"

"ಹೇಳಿದಾನೆ, ಬರ್ದಿದೆ ಇಲ್ಲಿ. ಬೀಳಿಸಿಲ್ಲ, ಬಿಚ್ಚಿಲ್ಲ ಅಂತ. ಯಾರೂ ನಂಬಿಲ್ಲ, ಸ್ಕ್ರೂ ಮೇಲಿನ ಕೆಂಪು ಮೆರುಗೆಣ್ಣೇನೂ ನೋಡಿಲ್ಲ."

"ಶಿಕ್ಷೆ ತೆಗೆದ್ರಾ ಆಮೇಲೆ?"

"ಓಡಿದ್ದು ಓಡಿದ್ದೇ ಅಲ್ವಾ. ಅವನ ದಾಖಲೆಯಲ್ಲಿ ಇನ್ನೂ ಹಾಗೇ ಇದೆ."

ಬಾಗಿಲ ಹತ್ತಿರ ನಿಂತಿದ್ದ ಗಂಗಾ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಸೈನಿಕನ ಹೆಸರೇನು ಎಂದು ಕೇಳಿದೆ. ಹಾಳೆಯಲ್ಲಿ ಹೆಸರಿರಲಿಲ್ಲ, ನಂಬರು ಮಾತ್ರ ಇತ್ತು. ಕ್ಯಾಪ್ಟನ್ ಅದನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕಡೆ ಸರಿಸಿದರು. "ಇಂಗ್ಲಿಷಲ್ಲಿ ಬರೀರಿ. ನಾನೇ ಕಳಿಸ್ತೀನಿ. ಕಾಯ್ತೀನಿ," ಎಂದರು.

ನಾನು ಹೊಸ ಹಾಳೆ ತೆಗೆದು ಮೇಲೆ ಆ ನಂಬರು ಬರೆದೆ. ಅದರ ಕೆಳಗೆ, ನೀವು ಹೇಳಿದ್ದು ನಿಜ, ಎಂದು ಮೊದಲ ಸಾಲು ಬರೆದೆ.